ಮೆಣಸೆಯ ಗಾಳಿಗೆ ಎಷ್ಟು ಅಂಕ?

ನನ್ನ ಮಾವನವರಿಗೆ ಅಮೆರಿಕದ ಸುಂಟರಗಾಳಿಗಳೆಂದರೆ ಪ್ರಾಣ. ಅವರು ನರಸಿಂಹರಾಜಪುರ ಬಿಟ್ಟು ಶಿವಮೊಗ್ಗದ ಆಚೆ ಹೋದದ್ದೇ ಕಡಿಮೆ. ಆದರೂ ಅಲ್ಲಿನ ಯಾವ ಊರಿನ ಮೇಲೆ ಯಾವ ಗಾಳಿ ಯಾವ ದಿಕ್ಕಿನಿಂದ ನುಗ್ಗಿತು ಎಂಬುದನ್ನು, ನಮ್ಮ ಬೀದಿಯಲ್ಲಿ ಯಾರ ಮನೆಗೆ ಯಾವ ನೆಂಟರು ಬಂದರು ಎಂಬಷ್ಟೇ ಖಚಿತವಾಗಿ ಹೇಳುತ್ತಾರೆ. ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಮೊಬೈಲು. ಜಗಲಿಯಿಂದ "ಹೋಯ್ತು, ಹೋಯ್ತು, ಆ ಮನೆಯೂ ಹೋಯ್ತು!" ಎಂಬ ಕೂಗು ಕೇಳಿದರೆ ಹೊಸಬರು ಹೆದರಿ ಓಡಿ ಬರುತ್ತಾರೆ. ಮನೆಯವರಾದ ನಾವು ದೋಸೆ ತಿರುವಿ ಹಾಕುತ್ತೇವೆ.

ನಾನು ಕೊಪ್ಪದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭೂಗೋಳವೂ ಅದರಲ್ಲಿ ಸೇರಿದೆ ಎಂಬ ಒಂದೇ ಕಾರಣಕ್ಕೆ ಜಗತ್ತಿನಲ್ಲಿ ಬೀಸುವ ಗಾಳಿಗೆಲ್ಲ ನಾನೇ ಜವಾಬ್ದಾರಿ ಎಂದು ಮಾವನವರ ನಂಬಿಕೆ. ಬಸ್ಸಿಗೆ ತಡವಾಗಿ ಚಪ್ಪಲಿ ಮೆಟ್ಟುತ್ತಿರುವಾಗಲೇ ಪ್ರಶ್ನೆ ಬರುತ್ತದೆ. "ಎಲ್ಲದಕ್ಕಿಂತ ಜೋರಿಂದು ಯಾವ್ದು ಅಂತ ನಿನ್ನ ಪುಸ್ತಕದಲ್ಲಿ ಎಂತ ಕೊಟ್ಟಿದಾರೆ?" ನನ್ನ ಪುಸ್ತಕದಲ್ಲಿ ಸುಂಟರಗಾಳಿಗೆ ಸಿಕ್ಕಿರುವುದು ಒಂದೂವರೆ ಸಾಲು. ಅದನ್ನು ಹೇಳಿದರೆ ಪಠ್ಯಪುಸ್ತಕ ಬರೆದವರನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಬಯ್ಯುತ್ತಾರೆ.

ಕೊನೆಗೆ ಅವರೇ ಓದಿ ಪಂಡಿತರಾದರು. ಸುಮಾರು ನೂರು ವರ್ಷದ ಹಿಂದೆ ಒಂದು ಸುಂಟರಗಾಳಿ ಮೂರು ರಾಜ್ಯಗಳನ್ನು ದಾಟಿ ಹೋಯಿತಂತೆ. ಕೊಪ್ಪದಿಂದ ಹೊರಟರೆ ಬೆಂಗಳೂರು ದಾಟುವಷ್ಟು ದೂರ. "ನಮ್ಮ ಬಸ್ಸಿಗಿಂತ ಬೇಗ ಹೋಗಿದೆ ಮಾರಾಯ್ತಿ, ಒಂದು ಕಡೆಯೂ ಕಾಫಿಗೆ ನಿಲ್ಲಿಸಿಲ್ಲ" ಎಂದು ಮಾವನವರು ಮೆಚ್ಚಿಕೊಂಡರು. ಇನ್ನೊಂದು ಗಾಳಿಯ ಒಳಗಿನ ವೇಗ ವಿಮಾನದ ಹತ್ತಿರ ಬಂದಿತ್ತಂತೆ. ಬಾಂಗ್ಲಾದೇಶದ್ದೊಂದು ಎಲ್ಲಕ್ಕಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಅದರ ಚಿತ್ರ ಬಂದಾಗ ಮಾತ್ರ ಅವರು ಮೊಬೈಲನ್ನು ಮಗುಚಿ ಇಟ್ಟು, "ಸತ್ತವರ ಮೇಲೆ ಅಂಕ ಹಾಕ್ಬಾರ್ದು" ಎಂದರು. ಆ ದಿನ ಮಧ್ಯಾಹ್ನದವರೆಗೆ ಗಾಳಿಯ ಸುದ್ದಿ ಇರಲಿಲ್ಲ.

ಸುಂಟರಗಾಳಿಗೆ ಅಂಕ ಹಾಕುವ ಕ್ರಮ ನನಗೂ ವಿಚಿತ್ರವೆನಿಸಿತು. ಸೊನ್ನೆಯಿಂದ ಐದರವರೆಗೆ ದರ್ಜೆ. ಆದರೆ ಗಾಳಿ ಬೀಸುವಾಗ ಅಳೆಯುವುದಿಲ್ಲ. ಅದು ಹೋದ ಮೇಲೆ ಬಂದು, ಮುರಿದದ್ದು ಏನು, ಮುರಿಯುವ ಮೊದಲು ಅದು ಎಷ್ಟು ಗಟ್ಟಿಯಿತ್ತು ಎಂದು ನೋಡಿ ದರ್ಜೆ ಕೊಡುತ್ತಾರೆ. ಪೊಳ್ಳು ಮನೆ ಹಾರಿದರೆ ಗಾಳಿಗೆ ಹೆಚ್ಚಿನ ಮರ್ಯಾದೆಯಿಲ್ಲ. ಐದು ಸಿಗಬೇಕಾದರೆ ಗಟ್ಟಿ ಅಡಿಪಾಯದ ಮನೆ ನೆಲಸಮವಾಗಿ ಗುಡಿಸಿ ಹೋಗಿರಬೇಕು, ಮರದ ತೊಗಟೆ ಸುಲಿದಿರಬೇಕು, ನೆಲದ ಹುಲ್ಲು ಕಿತ್ತಿರಬೇಕು, ರಸ್ತೆಯ ಡಾಂಬರು ಎದ್ದಿರಬೇಕು. "ಡಾಂಬರು ಏಳೋದೇ ಲೆಕ್ಕ ಆದ್ರೆ ನಮ್ಮ ರಸ್ತೇಲಿ ಪ್ರತಿ ಮಳೆಗಾಲಾನೂ ಐದನೇ ದರ್ಜೆನೇ" ಎಂದು ನನ್ನ ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರು. ದಾಖಲೆಯಲ್ಲಿ ಎಲ್ಲಕ್ಕಿಂತ ಅಗಲವಾದ ಸುಂಟರಗಾಳಿಗೆ ಬರೀ ಮೂರು ಕೊಟ್ಟಿದ್ದರಂತೆ. ಅದು ಬಯಲಿನಲ್ಲಿ ಸುತ್ತಿತ್ತು, ಒಡೆಯಲು ಅಲ್ಲಿ ಹೆಚ್ಚು ಮನೆಗಳೇ ಇರಲಿಲ್ಲ. ಈ ಅನ್ಯಾಯ ಮಾವನವರಿಗೆ ಬಹಳ ದಿನ ನಿದ್ದೆ ಕೆಡಿಸಿತು.

ಇಷ್ಟೆಲ್ಲ ನನಗೆ ತಮಾಷೆಯಾಗಿಯೇ ಇತ್ತು, ನನ್ನ ತವರಿನಲ್ಲಿ ಗಾಳಿ ಬೀಸುವವರೆಗೆ.

ನನ್ನ ತವರು ಶೃಂಗೇರಿ ಹತ್ತಿರದ ಮೆಣಸೆ. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಗದ್ದೆ, ತೋಟ, ಪೇಟೆಯ ವ್ಯವಹಾರ ಎಲ್ಲ ಒಂದೊಂದಾಗಿ ನನ್ನ ತಮ್ಮನ ಕೈಗೆ ಹೋದವು. ಅಪ್ಪನಿಗೆ ಉಳಿದದ್ದು ಒಂದೇ ಅಧಿಕಾರ, ಅಂಗಳದ ಚಪ್ಪರ. ಅದನ್ನು ಅಪ್ಪ ತಾನೇ ಯೋಚಿಸಿ, ವೆಲ್ಡಿಂಗಿನವನ ತಲೆ ತಿಂದು ಮಾಡಿಸಿದ್ದ. ಕಬ್ಬಿಣದ ಪೈಪಿನ ಚೌಕಟ್ಟು, ಮೇಲೆ ಬಿಸಿಲು ಒಳಗೆ ಬಿಡುವ ಪ್ಲಾಸ್ಟಿಕ್ ಶೀಟು, ಕಾಲುಗಳ ಕೆಳಗೆ ಚಕ್ರ, ಚಕ್ರಕ್ಕೆ ಅಂಗಳದ ಎರಡೂ ಬದಿಯಲ್ಲಿ ಹಳಿ. ಬಿಸಿಲು ಬಂದರೆ ಚಪ್ಪರವನ್ನು ತಳ್ಳಿ ಆಚೆ ನಿಲ್ಲಿಸುವುದು, ಮೋಡ ಕಂಡರೆ ಎಳೆದು ತಂದು ಒಣಗಲು ಹರಡಿದ ಅಡಿಕೆಯ ಮೇಲೆ ನಿಲ್ಲಿಸುವುದು. ಹಳಿಯಲ್ಲಿ ಒಂದು ತೂತು, ತೂತಿಗೆ ಒಂದು ಕಬ್ಬಿಣದ ಪಿನ್ನು. ಅದನ್ನು ಇಳಿಸಿದರೆ ಚಪ್ಪರ ನಿಂತಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಕರೆಯುವುದು ರೈಲು ಎಂದೇ. ಶೃಂಗೇರಿ ತಾಲ್ಲೂಕಿಗೆ ಬಂದದ್ದು ಇದೊಂದೇ ರೈಲು ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ.

ಕಳೆದ ಬೇಸಗೆಯಲ್ಲಿ, ಯುಗಾದಿ ಕಳೆದು ಮೊದಲ ಗುಡುಗು ಕೇಳುವ ದಿನಗಳಲ್ಲಿ, ಒಂದು ಮಧ್ಯಾಹ್ನ ರೈಲು ತನ್ನಷ್ಟಕ್ಕೇ ಹೊರಟಿತು. ಹಳಿ ಮುಗಿದಲ್ಲಿಗೆ ನಿಲ್ಲದೆ ಅಂಗಳದಿಂದ ಇಳಿದು, ಬೇಲಿ ಮುರಿದು, ಕೆಳಗೆ ಪಕ್ಕದ ಮನೆಯವರ ಒಣ ಗದ್ದೆಯ ನಡುವೆ ಹೋಗಿ ನಿಂತಿತು. ಶೀಟುಗಳೂ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ನೋಡಿದವರು ಯಾರೂ ಇಲ್ಲ. ಅಮ್ಮ ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ರೈಲು ಮುಂದಿನ ಸ್ಟೇಷನ್ ತಲುಪಿತ್ತು.

ಸಂಜೆ ನನಗೆ ಎರಡು ಫೋನು ಬಂದವು. ಮೊದಲು ಅಪ್ಪನದು. "ಸುಂಟರಗಾಳಿ ಮಗಾ. ಚಪ್ಪರಾನ ಎತ್ತಿ, ಹೂ ಇಟ್ಟಂಗೆ ಗದ್ದೇಲಿ ಇಟ್ತು." ಅದು ಮುಗಿಯುವ ಮೊದಲೇ ತಮ್ಮನದು. "ಎಂತ ಸುಂಟರಗಾಳಿನೂ ಇಲ್ಲ ಅಕ್ಕ. ಅಪ್ಪ ಪಿನ್ನು ಹಾಕಿರ್ಲಿಲ್ಲ. ಗಾಳಿ ಬಂತು, ತಳ್ತು, ಹೋಯ್ತು. ಅಡ್ಡ ಯಾರಾದ್ರೂ ಇದ್ದಿದ್ರೆ ಎಂತ ಗತಿ? ಇನ್ನು ಅಂಗಳ ನಾನೇ ನೋಡ್ಕೋತೀನಿ. ಬರೋ ವರ್ಷ ಅದನ್ನ ಕಿತ್ತು ಡ್ರೈಯರ್ ಹಾಕಿಸ್ತೀನಿ. ಅಪ್ಪ ಆರಾಮಾಗಿ ಕೂತ್ಕೊಳ್ಲಿ."

ತಮ್ಮ ಹೇಳಿದ್ದು ತಪ್ಪೆಂದು ನನಗೆ ಅನಿಸಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಅಪ್ಪನಿಗೆ ಆರಾಮಾಗಿ ಕೂರಲು ಬರುವುದಿಲ್ಲ. ಕೂರಿಸಿದರೆ ಇಳಿದುಹೋಗುತ್ತಾನೆ. ಅದು ಬರೀ ಚಪ್ಪರದ ಮಾತಲ್ಲ ಮಾರಾಯ, ಬೆಳಿಗ್ಗೆ ಏಳುವುದಕ್ಕೆ ಅವನಿಗೆ ಇರುವ ಒಂದೇ ಕಾರಣ ಅದು ಎಂದು ಫೋನಿನಲ್ಲೇ ಕೂಗಾಡಿದೆ. ತಮ್ಮ ಪಿನ್ನನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡ. ಅಪ್ಪ ಮೆಣಸೆಯಿಂದ ಕೆರೆಕಟ್ಟೆಯವರೆಗೆ ಸಿಕ್ಕವರಿಗೆಲ್ಲ ಸುಂಟರಗಾಳಿಯ ಕಥೆ ಹೇಳತೊಡಗಿದ. ಹೇಳಿದಷ್ಟೂ ಗಾಳಿ ಜೋರಾಗುತ್ತ ಹೋಯಿತು. ಗಾಳಿ ದೊಡ್ಡದಾಗಿದ್ದರೆ ತಪ್ಪು ಗಾಳಿಯದು, ಸಣ್ಣದಾಗಿದ್ದರೆ ತನ್ನದು, ಅವನ ಲೆಕ್ಕ ಅಷ್ಟು ಸರಳವಾಗಿತ್ತು.

ಆ ತಿಂಗಳಲ್ಲೇ ಕೊಪ್ಪದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಬೀಗರಿಬ್ಬರೂ ಅಕ್ಕಪಕ್ಕ ಕೂತರು. ನಾನು ಎದುರಿನ ಸಾಲಿನಲ್ಲಿ.

"ನಮ್ಮಲ್ಲಿ ಇಡೀ ಕಬ್ಬಿಣದ ಚಪ್ಪರಾನೇ ಎತ್ತಿ ಒಯ್ತು ಬೀಗ್ರೇ" ಎಂದು ಅಪ್ಪ ಶುರು ಮಾಡಿದ. ಚಕ್ರದ ವಿಷಯ ಎತ್ತಲಿಲ್ಲ.

ಮಾವನವರು ಕೋಸಂಬರಿ ನುಂಗಿ ಸಾವರಿಸಿಕೊಂಡರು. "ನಮ್ಮಲ್ಲಿ ಹೋದ ವರ್ಷ ತಾರಸಿ ಮೇಲಿನ ನೀರಿನ ಟ್ಯಾಂಕು ಹಾರಿ ಭದ್ರಾ ಹಿನ್ನೀರಿಗೆ ಬಿತ್ತು. ದೋಣಿಯವರು ಎಳ್ಕೊಂಡು ಬಂದ್ರು."

"ಟ್ಯಾಂಕು ಪ್ಲಾಸ್ಟಿಕ್ಕು. ನಮ್ದು ಕಬ್ಬಿಣ."

"ತುಂಬಿದ ಟ್ಯಾಂಕು ಬೀಗ್ರೇ."

ನಾನು ತಲೆ ತಗ್ಗಿಸಿ ಪಾಯಸ ಕಲಸಿದೆ. ಟ್ಯಾಂಕು ಹಾರಿದ ದಿನ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದವಳು ನಾನು. ಆ ಟ್ಯಾಂಕಿನಲ್ಲಿ ಎಷ್ಟು ನೀರಿತ್ತೆಂದು ನನ್ನ ಎರಡು ಕಣ್ಣಿಗೂ ಚೆನ್ನಾಗಿ ಗೊತ್ತು. ಮೋಟಾರು ಹಾಕುವುದು ಮಾವನವರ ಕೆಲಸವಾಗಿತ್ತು, ಅವರು ಮರೆತಿದ್ದರು. ಆ ಟ್ಯಾಂಕು ಹಾರಿದ ಮೇಲೆ ನನ್ನ ಯಜಮಾನರು ಹೊಸ ಟ್ಯಾಂಕು ಕಟ್ಟಿಸಿ, ಮೋಟಾರಿಗೆ ಆಟೋಮ್ಯಾಟಿಕ್ ಸ್ವಿಚ್ಚು ಹಾಕಿಸಿದ್ದರು. ಬೀಗರ ಜಗಳ ಮಾತ್ರ ಏರುತ್ತ ಹೋಯಿತು. ಐದು ಸಿಗಬೇಕಾದರೆ ಮನೆ ಉಳಿಯಬಾರದು, ತೊಗಟೆ ಸುಲಿಯಬೇಕು, ಹುಲ್ಲು ಕೀಳಬೇಕು ಎಂದು ಮಾವನವರು ಅಪ್ಪನಿಗೆ ದರ್ಜೆಯ ಪಾಠ ಮಾಡಿದರು. ಹಿಂದೆ ನರಸಿಂಹರಾಜಪುರಕ್ಕೆ ನಿಜವಾದ ರೈಲೇ ಬರುತ್ತಿತ್ತು ಎಂಬಲ್ಲಿಗೂ ಬಂತು. ಹೋಳಿಗೆ ಬಡಿಸುವವರು ಇಬ್ಬರ ನಡುವೆ ತಟ್ಟೆ ಹಿಡಿದು ಯಾವ ಊರಿಗೆ ಮೊದಲು ಬಡಿಸುವುದೆಂದು ತಿಳಿಯದೆ ನಿಂತಿದ್ದರು.

ಆಗ ನನ್ನ ತಮ್ಮ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ಮಾವ, ನಿಮಗೆ ಗಾಳಿ ವಿಷಯ ಗೊತ್ತು. ನೀವೇ ಬಂದು ನೋಡಿ ಅಂಕ ಹಾಕಿ. ಸುಂಟರಗಾಳಿನೇ ಹೌದು ಅಂತಾದ್ರೆ ರೈಲು ಅಪ್ಪನ ಕೈಯಲ್ಲೇ ಇರ್ಲಿ. ಅಲ್ಲ ಅಂತಾದ್ರೆ ಅಪ್ಪ ಇನ್ನು ಅದರ ಸುದ್ದಿಗೆ ಬರ್ಬಾರ್ದು."

ಅಪ್ಪ ಒಪ್ಪಿಬಿಟ್ಟ. ತನ್ನ ಗಾಳಿಯ ಕಥೆಯನ್ನು ಅಷ್ಟು ಹೊತ್ತಿಗೆ ಅವನೇ ನಂಬಿಬಿಟ್ಟಿದ್ದನೆಂದು ಕಾಣುತ್ತದೆ. ಮಾವನವರು ಗಾಳಿಯ ವಿಷಯದಲ್ಲಿ ಬ್ರಹ್ಮ ಬಂದು ಹೇಳಿದರೂ ಅರ್ಧ ಅಂಕ ಹೆಚ್ಚು ಕೊಡುವವರಲ್ಲ.

ಮುಂದಿನ ಭಾನುವಾರ ಕಾರಿನಲ್ಲಿ ಹೊರಟೆವು. ಮಾವನವರು ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಹಾಕಿದ್ದರು. ದಾರಿಯುದ್ದಕ್ಕೂ ನಾನು ಪೀಠಿಕೆ ಹಾಕಿದೆ. ಅಪ್ಪನಿಗೆ ಆ ಕೆಲಸ ಬೇಕು, ಸ್ವಲ್ಪ ನೋಡಿ ಮಾಡಿ ಎಂದೆ. "ಗಾಳಿ ಎಂತ ಮಾಡಿದ್ಯೋ ಅದಕ್ಕೆ ಅಂಕ. ನೆಂಟಸ್ತನಕ್ಕೆ ಅಂಕ ಇಲ್ಲ" ಎಂದರು. ನನ್ನ ಯಜಮಾನರು ಗೇರು ಬದಲಿಸಿದರು. ಇಂಥ ಹೊತ್ತಿನಲ್ಲಿ ಅವರಿಗೆ ಗೇರು ಬಹಳ ಸಲ ಬದಲಿಸಬೇಕಾಗುತ್ತದೆ.

ಊರವರೆಲ್ಲ ಹಗ್ಗ ಕಟ್ಟಿ ಎಳೆದು ಚಪ್ಪರವನ್ನು ಮತ್ತೆ ಹಳಿಗೆ ತಂದಿದ್ದರು. ಅಂಗಳಕ್ಕೆ ಕಾಲಿಟ್ಟ ಮಾವನವರು ನೇರ ಅದರ ಬುಡಕ್ಕೆ ಬಗ್ಗಿದರು.

"ಬೀಗ್ರೇ, ಇದಕ್ಕೆ ಚಕ್ರ ಉಂಟು!"

"ಮತ್ತೆ? ರೈಲಿಗೆ ಚಕ್ರ ಇಲ್ದೆ ಎಂತ ಇರ್ತದೆ?" ಎಂದ ಅಪ್ಪ, ಜಗತ್ತಿಗೆಲ್ಲ ಗೊತ್ತಿರುವ ಮಾತಿನ ಹಾಗೆ.

ಮಾವನವರು ಗದ್ದೆಗಿಳಿದರು. ಒಣ ಮಣ್ಣಿನಲ್ಲಿ ಚಕ್ರ ಉರುಳಿದ ಎರಡು ಗೆರೆಗಳು ಅಂಗಳದಿಂದ ನೆಟ್ಟಗೆ ಹೋಗಿದ್ದವು. ಎತ್ತಿ ಒಯ್ದ ಗಾಳಿ ನೆಲದಲ್ಲಿ ಗೆರೆ ಎಳೆಯುವುದು ಹೇಗೆ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ಅಪ್ಪನೇ ಅವರ ಕೈ ಹಿಡಿದು ಕೊಟ್ಟಿಗೆಯ ಹತ್ತಿರದ ಹಲಸಿನ ಮರಕ್ಕೆ ಕರೆದೊಯ್ದ. "ನೋಡಿ, ತೊಗಟೆ ಸುಲಿದಿದೆ." ಸುಲಿದದ್ದು ನಿಜ. ಆದರೆ ಸುಲಿದ ಜಾಗದಲ್ಲಿ ಕಂದು ಕೂದಲು ಅಂಟಿಕೊಂಡಿತ್ತು. "ಇದು ನಿಮ್ಮ ಹಸು ಮೈ ತಿಕ್ಕಿದ್ದು ಬೀಗ್ರೇ." "ಹುಲ್ಲು ನೋಡಿ, ಬುಡ ಸಮೇತ ಹೋಗಿದೆ." "ಅದೂ ಹಸುದೇ ಕೆಲಸ." ಹಸು ಅಲ್ಲೇ ನಿಂತು ಮೆಲುಕು ಹಾಕುತ್ತಿತ್ತು. ಈ ಲೆಕ್ಕದಲ್ಲಿ ಅದಕ್ಕೇ ನಾಲ್ಕನೇ ದರ್ಜೆ ಸಿಗುವಂತಿತ್ತು. ಜಗಲಿಯ ಕಂಬಕ್ಕೆ ಒರಗಿ ತಮ್ಮ ನಗು ತಡೆದುಕೊಂಡು ನಿಂತಿದ್ದ. ನನಗೆ ಅವನ ಬೆನ್ನಿಗೆ ಒಂದು ಗುದ್ದಬೇಕೆನಿಸಿತು.

ಕಾಫಿಗೆ ಎಲ್ಲರೂ ಜಗಲಿಯಲ್ಲಿ ಕೂತೆವು. ಅಮ್ಮ ಹಲಸಿನ ಹಪ್ಪಳ ಕರಿದು ತಟ್ಟೆ ತುಂಬ ತಂದಿಟ್ಟಳು. ಮಾವನವರು ಒಂದು ತೆಗೆದು ಮುರಿದು ಬಾಯಿಗಿಟ್ಟು, ಬಹಳ ಚೆನ್ನಾಗಿದೆ ಎಂದರು. ಅಮ್ಮನಿಗೆ ಖುಷಿಯಾಯಿತು.

"ತಗೊಳಿ, ತಗೊಳಿ. ಆ ಗಾಳಿ ಬಂದ ದಿನಾನೇ ಒಣಗಿಸಿದ್ದು. ರೈಲು ಹೋದ ಸದ್ದಿಗೆ ಹೆದರಿ ಓಡಿ ಬಂದು ನೋಡ್ತೀನಿ, ಚಾಪೆ ಮೇಲೆ ಹಪ್ಪಳ ಹೆಂಗಿತ್ತೋ ಹಂಗೇ ಇದ್ವು. ಒಂದೂ ಹಾರಿರ್ಲಿಲ್ಲ. ದೇವ್ರು ದೊಡ್ಡೋನು."

ಜಗಲಿಯಲ್ಲಿ ಹಪ್ಪಳ ಮುರಿಯುವ ಸದ್ದು ನಿಂತಿತು. ಕಬ್ಬಿಣದ ಚಪ್ಪರವನ್ನು ಎತ್ತಿ ಒಯ್ದ ಸುಂಟರಗಾಳಿ ಪಕ್ಕದ ಚಾಪೆಯ ಹಪ್ಪಳಕ್ಕೆ ಕೈ ಮುಗಿದು ಹೋಗಿತ್ತು. ಅಮ್ಮ ಎಲ್ಲರ ಮುಖ ನೋಡಿ, ಉಪ್ಪು ಹೆಚ್ಚಾಯಿತೇ ಎಂದು ಕೇಳಿದಳು. ತಮ್ಮ ನಗಲಿಲ್ಲ. ಅಪ್ಪ ಲೋಟದೊಳಗೆ ನೋಡುತ್ತ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು. ನನಗೆ ನೋಡಲಾಗಲಿಲ್ಲ.

ಮಾವನವರು ಮತ್ತೊಂದು ಹಪ್ಪಳ ತೆಗೆದುಕೊಂಡರು. ಆಮೇಲೆ ಮತ್ತೊಂದು. ತಟ್ಟೆಯಲ್ಲಿದ್ದ ಸಾಕ್ಷಿಯನ್ನೆಲ್ಲ ಮುರಿದು ಮುರಿದು ತಿಂದು ಮುಗಿಸಿ, ಪಂಚೆಗೆ ಕೈ ಒರೆಸಿಕೊಂಡು, "ಐದು" ಎಂದರು.

ಅಪ್ಪ ಬೆಚ್ಚಿಬಿದ್ದ. "ಐದಾ? ಐದು ಅಂದ್ರೆ ಮನೆ ಉಳೀಬಾರ್ದು ಅಂತ ಕೊಪ್ಪದಲ್ಲಿ ನೀವೇ ಹೇಳಿದ್ರಲ್ಲ. ಮನೆ ಉಂಟು, ಇವಳೂ ಇದಾಳೆ."

"ಹಂಗಾದ್ರೆ ನಾಲ್ಕು?"

"ಮೂರು ಸಾಕು ಬೀಗ್ರೇ. ಮೂರೇ ಜಾಸ್ತಿ ಆಯ್ತು."

"ಮಾವ, ಹಪ್ಪಳ ಹಾರ್ದೇ ಇರೋ ಗಾಳಿಗೆ ಮೂರಾ?" ಎಂದ ತಮ್ಮ. "ಅಪ್ಪನ ಮೇಲೆ ನಂಗೇನು ಹಟ ಇಲ್ಲ. ಸುಳ್ಳು ಅಂಕ ಹಾಕಿದ್ರೆ ಪಿನ್ನು ತನ್ನಷ್ಟಕ್ಕೆ ಬೀಳ್ತದಾ?"

ಮಾವನವರು ಅವನ ಕಡೆ ತಿರುಗಿ ಕೂತರು. "ಇಲ್ಲ ಮಾರಾಯ, ಬೀಳಲ್ಲ. ನಮ್ಮ ಟ್ಯಾಂಕೂ ತುಂಬಿರ್ಲಿಲ್ಲ. ಮೋಟಾರು ಹಾಕೋದು ಮರ್ತಿದ್ದೆ. ಖಾಲಿ ಟ್ಯಾಂಕು ಹಾರೋಕೆ ಸುಂಟರಗಾಳಿ ಎಂತಕ್ಕೆ, ಯಾರಾದ್ರೂ ಗಟ್ಟಿಯಾಗಿ ಸೀನಿದ್ರೂ ಸಾಕು. ಆಮೇಲೆ ಇವ್ನು ಸ್ವಿಚ್ಚು ಹಾಕಿಸ್ದ. ನೀರು ತನ್ನಷ್ಟಕ್ಕೆ ತುಂಬ್ತದೆ, ತನ್ನಷ್ಟಕ್ಕೆ ನಿಲ್ತದೆ. ಬಹಳ ಅನುಕೂಲ, ಇಲ್ಲ ಅನ್ನಲ್ಲ. ಮೊದ್ಲು ಎಲ್ರಿಗಿಂತ ಮುಂಚೆ ಎದ್ದು ಮೋಟಾರು ಹಾಕಿ, ಟ್ಯಾಂಕು ತುಂಬೋ ಸದ್ದು ಕೇಳ್ತಾ ಕೂರ್ತಿದ್ದೆ. ನಾನು ತುಂಬಿಸಿದ ನೀರಲ್ಲೇ ಇವ್ರೆಲ್ಲ ಮುಖ ತೊಳೀತಿದ್ರು. ಈಗ ಎದ್ದು ಎಂತ ಮಾಡೋದು? ಅಮೆರಿಕದಲ್ಲಿ ಯಾರ ಮನೆ ಹಾರ್ತು ಅಂತ ನೋಡ್ತೀನಿ."

ಇಷ್ಟು ಹೇಳಿ, ಕಾಫಿ ಆರಿಹೋಯಿತೆಂದು ಗೊಣಗಿದರು. ನನ್ನ ಯಜಮಾನರಿಗೆ ಬದಲಿಸಲು ಅಲ್ಲಿ ಗೇರು ಇರಲಿಲ್ಲ. ನೆಲ ನೋಡುತ್ತ ಕೂತರು. ನನಗೆ ಅಳು ಒತ್ತರಿಸಿ ಬಂತು. ಬಾಯಲ್ಲಿ ಹಪ್ಪಳವಿದ್ದದ್ದರಿಂದ ಅದು ಕೆಮ್ಮಾಗಿ ಹೊರಬಿತ್ತು, ಅಮ್ಮ ಬಂದು ನೆತ್ತಿ ತಟ್ಟಿದಳು.

ತಮ್ಮ ಎದ್ದು ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಪಿನ್ನಿತ್ತು. ಅದನ್ನು ಅಪ್ಪನ ಪಕ್ಕ ಇಟ್ಟ. ಅಪ್ಪ ಅದನ್ನು ತೆಗೆದುಕೊಂಡು, ತುಕ್ಕು ಹಿಡಿದಿದೆಯೇ ಎಂದು ತಿರುಗಿಸಿ ನೋಡಿದ.

"ಒಂದೇ ಸಾಲ್ದು. ಆಚೆ ಹಳಿಗೂ ಒಂದು ಮಾಡ್ಸು" ಎಂದ. ಮತ್ತೆ ಯಾರ ಮುಖವನ್ನೂ ನೋಡದೆ, "ಹಾಕಿದ್ನಾ ಇಲ್ವಾ ಅಂತ ನೀನೂ ಒಂದ್ಸಲ ನೋಡು. ಮೂರನೇ ದರ್ಜೆ ಗಾಳಿ ಬರೋ ಜಾಗ ಇದು" ಎಂದ.

ನಾವು ಹೊರಡುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತ್ತು. ಅಪ್ಪ ನಮ್ಮನ್ನು ಬೀಳ್ಕೊಡುವುದನ್ನೂ ಮರೆತು ರೈಲಿನ ಕಡೆ ನಡೆದ. ಕುಂಟುತ್ತ, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಿಂದ ತಳ್ಳತೊಡಗಿದ. ಅಭ್ಯಾಸದಂತೆ ಎದ್ದು ಎರಡು ಹೆಜ್ಜೆ ಹಾಕಿದ ತಮ್ಮ ನಿಂತ. ಮತ್ತೆ ಹೋಗಿ ಮೆಟ್ಟಿಲ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡ. ಚಪ್ಪರ ಕಿರುಗುಟ್ಟುತ್ತ ನಿಧಾನವಾಗಿ ಬಂದು ಅಡಿಕೆಯ ಮೇಲೆ ನಿಂತಿತು. ಅಪ್ಪ ಬಗ್ಗಿ ಎದ್ದು, ಕಾಲು ತೊಳೆಯಲು ಬಚ್ಚಲಿಗೆ ಹೋದ. ಆಮೇಲೆ ಹಸುವನ್ನು ನೋಡಲು ಹೊರಟವನ ಹಾಗೆ ತಮ್ಮ ಅತ್ತ ನಡೆದು, ಹಳಿಯ ಹತ್ತಿರ ಕಾಲಿನ ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಪಿನ್ನು ಇತ್ತು. ಹಸುವಿನ ಹತ್ತಿರ ಹೋಗದೆ ವಾಪಸು ಬಂದ.

ಕಾರು ಕೊಪ್ಪ ದಾಟಿತು.

"ಅಪ್ಪ, ನಾಳೆ ಆ ಸ್ವಿಚ್ಚು ತೆಗೆಸ್ತೀನಿ" ಎಂದರು ಯಜಮಾನರು, ರಸ್ತೆಯಿಂದ ಕಣ್ಣು ತೆಗೆಯದೆ.

ಮಾವನವರು ಕಿಟಕಿಯಾಚೆ ನೋಡುತ್ತಿದ್ದರು. "ಟ್ಯಾಂಕು ಖಾಲಿಯಾದ್ರೆ ಬಯ್ಯಬಾರ್ದು."

"ಇಲ್ಲ, ನಾನು ಬಯ್ಯಲ್ಲ."

"ನಾನು ಬಯ್ತೀನಿ" ಎಂದೆ ಹಿಂದಿನ ಸೀಟಿನಿಂದ.

"ನೀನು ಬಯ್ಯಿ ಮಾರಾಯ್ತಿ, ಅಡ್ಡಿಲ್ಲ" ಎಂದರು ಮಾವನವರು. "ಬಯ್ಯೋಕಾದ್ರೂ ಯಾರಾದ್ರೂ ಬೇಕಲ್ಲ."